ಗಂಗಾಮೂಲದ ಮಗು, ಅಜ್ಜಿಯ ಲೈನ್ ಮನೆ

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದಲ್ಲಿ ಈಗ ತುಂಗೆ ಕೆಂಪಾಗಿ ಹರಿಯುತ್ತಿದ್ದಾಳೆ. ಈ ನೀರು ಹುಟ್ಟುವ ಗಂಗಾಮೂಲದಲ್ಲೇ 1858ರಲ್ಲಿ, ಹೆಣ್ಣುಮಕ್ಕಳ, ವಿಧವೆಯರ ಓದಿಗಾಗಿ ದುಡಿದ ಪಂಡಿತೆ ರಮಾಬಾಯಿ ಹುಟ್ಟಿದ್ದು. ಅವರ ಹೆಸರು ಹೇಳಿದರೆ ನಮ್ಮ ಕಡೆಯವರೇ "ಮಹಾರಾಷ್ಟ್ರದವರಲ್ವಾ?" ಅನ್ನುತ್ತಾರೆ. ಕೂಸಾಗಿದ್ದಾಗಲೇ ಮನೆಯವರು ತೀರ್ಥಯಾತ್ರೆಗೆ ಹೊರಟರು. ದಾರಿಯಲ್ಲೇ ತಾಯಿ ಸಂಸ್ಕೃತ ಕಲಿಸಿದರು. ಆಮೇಲೆ ಬರ ಬಂತು. ರಮಾಬಾಯಿಗೆ 16 ವರ್ಷದ ಆಸುಪಾಸಿನಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಹೋದರು. ಉಳಿದಿದ್ದು ಅಣ್ಣ ಒಬ್ಬನೇ.

1883ರಲ್ಲಿ ಅವರು ಕ್ರೈಸ್ತರಾದರು. 1896ರ ಬರದಲ್ಲಿ ಮಧ್ಯಪ್ರಾಂತದಿಂದ ನೂರಾರು ಹೆಣ್ಣುಮಕ್ಕಳನ್ನು, ವಿಧವೆಯರನ್ನು ಪುಣೆ ಹತ್ತಿರದ ಕೇಡಗಾಂವಿಗೆ ಕರೆತಂದರು. ಅಲ್ಲಿನ ಮುಕ್ತಿ ಆಶ್ರಮದಲ್ಲಿ ಬರೀ ಗಂಜಿ ಹಾಕಿ ಕೂರಿಸಲಿಲ್ಲ. ಓದು, ನೇಯ್ಗೆ, ಅಚ್ಚಿನ ಕೆಲಸ ಎಲ್ಲ ಕಲಿಸಿದರು. ಮತಾಂತರದ ದೂರು ಅವರ ಮೇಲೂ ಬಂದಿತ್ತು. 1893ರಲ್ಲಿ ಎಷ್ಟೋ ಮನೆಯವರು ಅವರು ನಡೆಸುತ್ತಿದ್ದ ವಿಧವೆಯರ ಶಾಲೆ ಶಾರದಾ ಸದನದಿಂದ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ಅನುಮಾನ ಇವತ್ತಿಗೂ ಇದೆ. ಅನ್ನ ಕೊಟ್ಟ ಕೈ ಮಗುವಿನ ದೇವರನ್ನು ಕಿತ್ತುಕೊಳ್ಳಬಾರದು ಅನ್ನುವುದು ಕ್ರೈಸ್ತಳಾದ ನನ್ನ ಅಭಿಪ್ರಾಯ.

ದಿಕ್ಕಿಲ್ಲದ ಮಕ್ಕಳನ್ನು, ವಿಧವೆಯರನ್ನು ಅವರ ಕಷ್ಟದಲ್ಲಿ ಹೋಗಿ ನೋಡುವುದೇ ನಿಜವಾದ ಭಕ್ತಿ ಅಂತ ಬೈಬಲ್ಲಿನ ಯಾಕೋಬನ ಪತ್ರದಲ್ಲಿದೆ. ಗಮನಿಸಿ, ಹೋಗಿ ನೋಡುವುದು. ನಾವು ಮಾತ್ರ ಮಕ್ಕಳನ್ನೇ ನಮ್ಮ ಕಟ್ಟಡಕ್ಕೆ ಕರೆಸಿಕೊಳ್ಳುತ್ತೇವೆ! ಕ್ರಿಸ್ಮಸ್‌ಗೆ ಕೇಕ್ ಕೊಟ್ಟು, ಸಾಲಾಗಿ ನಿಲ್ಲಿಸಿ ಫೋಟೋ ಬೇರೆ. ನಾನೂ ಆ ಫೋಟೋಗಳಲ್ಲಿ ನಿಂತವಳೇ.

ಸಂತ ವಿನ್ಸೆಂಟ್ ದಿ ಪಾಲ್ ಸಭೆ ಅನ್ನುವ ಕಥೋಲಿಕ ಸೇವಾಸಂಘದವರು 1833ರಿಂದಲೂ ಬಡವರ ಮನೆ ಬಾಗಿಲಿಗೇ ಹೋಗುತ್ತಾರೆ. ನನಗೆ ಈ ದಾರಿ ಜಾಸ್ತಿ ಹಿಡಿಸುತ್ತದೆ. 2015ರ ಬಾಲನ್ಯಾಯ ಕಾಯ್ದೆ ಹೇಳುವುದೂ ಇದನ್ನೇ. ಮಗುವಿಗೆ ಮೊದಲು ಮನೆ, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಆಶ್ರಮ. ಯಾರೂ ಇಲ್ಲದ ಮಗು ಕಣ್ಣಿಗೆ ಬಿದ್ದರೆ ಸುಮ್ನೆ ಕರೆದುಕೊಂಡು ಹೋಗಿ ಸಾಕುವ ಹಾಗಿಲ್ಲ. 24 ಗಂಟೆಯೊಳಗೆ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೂ ಸಾಕು. ಬಡತನದಲ್ಲೇ ಮಗುವನ್ನು ಸಾಕುತ್ತಿರುವ ಬಂಧುಗಳಿಗೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿದೆ. ಅರ್ಜಿ ತುಂಬಿಕೊಡುವುದು, ಬ್ಯಾಂಕ್ ಖಾತೆ ಮಾಡಿಸಿಕೊಡುವುದು, ಇವೂ ಸೇವೆಯೇ.

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಂದು ತೋಟಕ್ಕೆ ಹೋಗಿದ್ದೆ. ತೋಟದ ಕೆಲಸದವರ ಲೈನ್ ಮನೆಯಲ್ಲಿ ಅಜ್ಜಿ ಮತ್ತು ತಾಯಿ-ತಂದೆ ಇಲ್ಲದ ಮೊಮ್ಮಗ. ಬೋರ್ಡಿಂಗಿನಲ್ಲಿ ಸೀಟು ಕೊಡಿಸುತ್ತೇನೆ ಅಂತ ದೊಡ್ಡದಾಗಿ ಹೇಳಿದೆ. ಅಜ್ಜಿ ಒಲೆಗೆ ಸೌದೆ ತಳ್ಳುತ್ತಲೇ ಕೇಳಿಸಿಕೊಂಡರು.

"ಅವನನ್ನ ಕಳಿಸಿದ್ರೆ ರಾತ್ರಿ ನಂಗೆ ಮಾತಾಡಕ್ಕೆ ಯಾರಮ್ಮ ಇರ್ತಾರೆ? ಶಾಲೆಗೆ ಮೂರು ಮೈಲಿ ನಡೀತಾನೆ. ಒಂದು ಕೊಡೆ ಕೊಡ್ಸಿ."

ಕೊಡೆ ತಗೊಂಡು ಹೋಗುವಷ್ಟರಲ್ಲಿ ಶ್ರಾವಣ ಬಂದಿತ್ತು.