ಗ್ರೀನ್ ಲೇನ್ಸ್‌ನಲ್ಲಿ ಕೆಂಡದ ಎದುರಿನ ಕುರ್ಚಿ

ನಮಸ್ಕಾರ. ಸ್ಕ್ರೀನ್ ತುಂಬ ಹೊಗೆ ಕಾಣಿಸುತ್ತಿದೆ, ಅಲ್ವಾ? ಗಾಬರಿ ಬೇಡ. ಇದು ಉತ್ತರ ಲಂಡನ್ನಿನ ಗ್ರೀನ್ ಲೇನ್ಸ್, ಹ್ಯಾರಿಂಗೇ ಭಾಗ. ಸಂಜೆಯಾಯಿತೆಂದರೆ ಇಲ್ಲಿನ ಹೋಟೆಲ್‌ಗಳಲ್ಲಿ ಸಾಲಾಗಿ ಇದ್ದಿಲು ಹೊತ್ತಿಕೊಳ್ಳುತ್ತದೆ. ಪಿಕಡಿಲಿ ಲೈನ್ ಹಿಡಿದು ಮ್ಯಾನರ್ ಹೌಸ್‌ನಲ್ಲಿ ಇಳಿದರೆ ಫಿನ್ಸ್‌ಬರಿ ಪಾರ್ಕಿನ ಪಕ್ಕ ಸ್ವಲ್ಪ ನಡೆಯಬೇಕು. ನಡೆಯಲು ಬೇಜಾರೆಂದರೆ 29 ನಂಬರ್ ಬಸ್ಸು ಇದೇ ರಸ್ತೆಯಲ್ಲಿ ಹೋಗುತ್ತದೆ. ಪಾರ್ಕ್ ದಾಟಿದ ಮೇಲೆ ಟರ್ಕಿಶ್ ಬೇಕರಿ, ಚಿನ್ನದಂಗಡಿ, ಬೀದಿಗೇ ಬದನೆಕಾಯಿ ಹರವಿಟ್ಟ ತರಕಾರಿ ಅಂಗಡಿ, ಮತ್ತೆ ಹೋಟೆಲ್, ಅದರ ಪಕ್ಕ ಇನ್ನೊಂದು ಹೋಟೆಲ್.

ಇವತ್ತು ಹೋಗುತ್ತಿರುವುದು ನಮ್ಮ ಮನೆಗೆ ಹತ್ತಿರದ ಒಂದು ಟರ್ಕಿಶ್ ಹೋಟೆಲ್‌ಗೆ. ಹೆಸರು ಬೇಡ ಬಿಡಿ. ಪ್ರಚಾರದ ವಿಡಿಯೋ ಅಲ್ಲ ಇದು, ಬಿಲ್ ಕೊಟ್ಟಿದ್ದು ನಾನೇ. ನಾನು ಹೇಳುವುದರಲ್ಲಿ ಹೆಚ್ಚಿನದು ಈ ರಸ್ತೆಯ ಇನ್ನೂ ಹತ್ತಾರು ಹೋಟೆಲ್‌ಗಳಿಗೆ ಹೊಂದುತ್ತದೆ.

ಒಳಗೆ ಹೋದ ತಕ್ಷಣ ಎಲ್ಲಿ ಕೂರುತ್ತೀರಿ ಅನ್ನುವುದು ಮುಖ್ಯ. ಕಿಟಕಿ ಪಕ್ಕದ ಟೇಬಲ್ ಕೊಡಲು ಬರುತ್ತಾರೆ. ಬೇಡ ಅನ್ನಿ. ಮೂಲೆಯಲ್ಲಿ ಹೊಳೆಯುವ ಲೋಹದ ದೊಡ್ಡ ಚಿಮಣಿ ಕಾಣಿಸುತ್ತಿದೆಯಲ್ಲ, ಅದರ ಕೆಳಗೆ ಉದ್ದನೆಯ ಕೆಂಡದ ಒಲೆ. ಇಂಥ ಒಲೆ ಇರುವ ಹೋಟೆಲ್‌ಗೆ ಒಜಾಕ್‌ಬಾಶಿ ಅನ್ನುತ್ತಾರೆ. ಒಲೆಯ ಎದುರಿಗೇ ಕೂತು ತಿನ್ನುವುದು ಇಲ್ಲಿನ ಪದ್ಧತಿ. ಸೆಕೆ ಆಗುತ್ತದೆ, ಕಣ್ಣು ಸ್ವಲ್ಪ ಉರಿಯುತ್ತದೆ. ಆದರೂ ಒಲೆಯ ಮುಂದೆ ನಿಂತ ಉಸ್ತಾನ ಕೈಯನ್ನು ಇಷ್ಟು ಹತ್ತಿರದಿಂದ ನೋಡಲು ಬೇರೆಲ್ಲೂ ಸಿಗುವುದಿಲ್ಲ. ಅಡುಗೆಯವನನ್ನು ಎಲ್ಲರೂ ಉಸ್ತಾ ಅಂತಲೇ ಕರೆಯುವುದು. ಹೆಸರು ಹಿಡಿದು ಕರೆದಿದ್ದನ್ನು ನಾನಂತೂ ಕೇಳಿಲ್ಲ.

ಈಗ ನನ್ನ ಮುಖ್ಯ ಮಾತು. ಇಂಥ ಹೋಟೆಲ್‌ನಲ್ಲಿ ಆರ್ಡರ್ ಮಾಡದೇ ಬರುವ ಊಟವೇ ಚೆಂದ. ಮೆನು ತೆರೆಯುವ ಮೊದಲೇ ಬುಟ್ಟಿ ತುಂಬ ಬಿಸಿ ಬ್ರೆಡ್ ಬಂತು, ನೋಡಿ. ಅದರ ಹಿಂದೆಯೇ ಟೊಮೆಟೊ, ಸೌತೆಕಾಯಿ, ಪಾರ್ಸ್ಲಿ ಹಾಕಿದ ಸಲಾಡ್. ಆಮೇಲೆ ನನಗೆ ತುಂಬ ಇಷ್ಟದ ಈ ಕಪ್ಪು ತಟ್ಟೆ. ಇಡೀ ಈರುಳ್ಳಿಯನ್ನು ಕೆಂಡದಲ್ಲಿ ಸುಟ್ಟು, ಬಿಡಿಸಿ, ಅದರ ಮೇಲೆ ದಾಳಿಂಬೆ ರಸವನ್ನು ಕಾಯಿಸಿ ಗಟ್ಟಿ ಮಾಡಿದ ಪಾಕ ಸುರಿದಿದ್ದಾರೆ. ಜೊತೆಗೆ ಶಾಲ್ಗಮ್ ಅನ್ನುವ ಹುಳಿ ರಸ. ಸಿಹಿ, ಹುಳಿ, ಸುಟ್ಟ ಕಹಿ ಎಲ್ಲ ಒಟ್ಟಿಗೆ. ಬ್ರೆಡ್ಡನ್ನು ಆ ರಸದಲ್ಲಿ ಅದ್ದಿ ತಿನ್ನಿ. ಇಷ್ಟಕ್ಕೆಲ್ಲ ದುಡ್ಡಿಲ್ಲ. ಬ್ರೆಡ್ ಮುಗಿದರೆ ಕೇಳದೆಯೇ ಇನ್ನೊಂದು ಬುಟ್ಟಿ ಬರುತ್ತದೆ. ಪಕ್ಕದ ಹೋಟೆಲ್ ಕೊಡುವುದನ್ನು ಇವರು ಕೊಡದಿದ್ದರೆ ಗಿರಾಕಿ ನಾಳೆ ಪಕ್ಕದಲ್ಲಿ ಕೂತಿರುತ್ತಾನೆ. ಔದಾರ್ಯ ಅನ್ನಿ, ಪೈಪೋಟಿ ಅನ್ನಿ, ಲಾಭ ನಮಗೆ.

ಹಾಗಾಗಿ ಇಬ್ಬರು ಹೋದರೆ ಎರಡು ಮೇನ್ ಕೋರ್ಸ್ ಹೇಳಬೇಡಿ. ಒಂದು ಸಾಕು, ಜೊತೆಗೆ ಒಂದೆರಡು ಸಣ್ಣ ತಟ್ಟೆ.

ಆ ಒಂದು ಯಾವುದು ಅಂದರೆ ನನ್ನ ಓಟು ಅದಾನಾ ಕಬಾಬ್‌ಗೆ. ದಕ್ಷಿಣ ಟರ್ಕಿಯ ಅದಾನಾ ನಗರದ ಹೆಸರು ಅದು. ಅಲ್ಲಿ ಅದಕ್ಕೆ ಭೌಗೋಳಿಕ ಮಾನ್ಯತೆಯೂ ಇದೆ. ಅಲ್ಲಿನ ಕ್ರಮದಲ್ಲಿ ಕುರಿಮಾಂಸವನ್ನು ಮಷಿನ್‌ಗೆ ಹಾಕುವುದಿಲ್ಲ. ಜಿರ್ಹ್ ಎಂಬ ಬಾಗಿದ ದೊಡ್ಡ ಕತ್ತಿಯಲ್ಲಿ ಕೈಯಿಂದಲೇ ಕೊಚ್ಚುತ್ತಾರೆ. ಕುರಿಯ ಬಾಲದ ಕೊಬ್ಬು, ಕೆಂಪು ಮೆಣಸು, ಉಪ್ಪು, ಅಷ್ಟೇ. ಮಸಾಲೆ ಡಬ್ಬಿಯನ್ನೆಲ್ಲ ಸುರಿಯುವ ನಮಗೆ ಇದು ನಂಬಲು ಕಷ್ಟ. ಲಂಡನ್ನಿನ ಎಲ್ಲ ಅಡುಗೆಮನೆಯಲ್ಲೂ ಕತ್ತಿಯೇ ಓಡುತ್ತದೆ ಅಂತ ನಾನು ಹೇಳುವುದಿಲ್ಲ. ತಿಂದಾಗ ಗೊತ್ತಾಗುತ್ತದೆ. ಕೈಯಲ್ಲಿ ಕೊಚ್ಚಿದ್ದಾದರೆ ಮಾಂಸದ ಸಣ್ಣ ತುಣುಕುಗಳು ಹಲ್ಲಿಗೆ ಸಿಗುತ್ತವೆ. ಮಷಿನ್‌ನದ್ದು ಪೇಸ್ಟ್ ಆಗಿರುತ್ತದೆ.

ಉಸ್ತಾನ ಕೈ ನೋಡಿ ಈಗ. ಕಂಬಿ ಚಪ್ಪಟೆಯಾಗಿದೆ, ಗಮನಿಸಿದಿರಾ? ದುಂಡು ಕಂಬಿಯಾದರೆ ತಿರುಗಿಸುವಾಗ ಕೊಚ್ಚಿದ ಮಾಂಸ ಜಾರಿ ಅಲ್ಲೇ ನಿಲ್ಲುತ್ತದೆ, ಕಂಬಿ ಮಾತ್ರ ತಿರುಗುತ್ತದೆ. ಕೆಂಡದ ಮೇಲೆ ಉರಿ ಇಲ್ಲ, ಬಿಳಿ ಬೂದಿ ಕಟ್ಟಿದೆ. ಬೂದಿ ಕಟ್ಟುವವರೆಗೂ ಕಾಯುತ್ತಾರೆ. ಕೊಬ್ಬು ತೊಟ್ಟಿಕ್ಕಿ ಕೆಂಡಕ್ಕೆ ಬಿದ್ದಾಗ ಎದ್ದ ಹೊಗೆ ಮಾಂಸಕ್ಕೇ ಹತ್ತುತ್ತದೆ. ರುಚಿಯ ಅರ್ಧ ಭಾಗ ಅದೇ. ಇಳಿಸುವ ಮೊದಲು ತೆಳು ಬ್ರೆಡ್ ತೆಗೆದು ಕಂಬಿಗಳ ಮೇಲೆ ಒತ್ತುತ್ತಾನೆ, ಜಿಡ್ಡೆಲ್ಲ ಅದಕ್ಕೆ ಹೀರಲಿ ಅಂತ. ಆ ಬ್ರೆಡ್ ತಟ್ಟೆಯ ಕೆಳಗೆ ಬರುತ್ತದೆ. ಡಯಟ್ ಮಾಡುವವರು ಈ ಶಾಟ್ ಸ್ಕಿಪ್ ಮಾಡಿ.

ಟರ್ಕಿಶ್ ಹೋಟೆಲ್ ಅಂತ ನಾನು ಸುಮ್ನೆ ಹೇಳುತ್ತಿದ್ದೇನೆ, ನಿಜಕ್ಕೂ ಕಥೆ ಸ್ವಲ್ಪ ಉದ್ದ ಇದೆ. ಸೈಪ್ರಸ್ ದ್ವೀಪ 1960ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿಂದ ಗ್ರೀಕರೂ ತುರ್ಕರೂ ಕೆಲಸ ಹುಡುಕಿಕೊಂಡು ಉತ್ತರ ಲಂಡನ್ನಿಗೆ ಬಂದರು. 1974ರಲ್ಲಿ ದ್ವೀಪ ಎರಡು ಹೋಳಾಯಿತು, ಇನ್ನಷ್ಟು ಜನ ಬಂದರು. ಊರಲ್ಲಿ ಗಡಿ ಎಳೆದುಕೊಂಡವರು ಈ ರಸ್ತೆಯಲ್ಲಿ ಅಕ್ಕಪಕ್ಕ ಅಂಗಡಿ ಇಟ್ಟರು. 1980ರ ದಶಕದ ಕೊನೆಯಲ್ಲಿ ಟರ್ಕಿಯಿಂದ ಕುರ್ದ್ ಜನ ಆಶ್ರಯ ಕೇಳಿ ಬಂದರು, ಮರಾಶ್, ಸಿವಾಸ್ ಕಡೆಯವರು ಬಹಳ. ಆಗ ಈ ಸುತ್ತಮುತ್ತ ಬಟ್ಟೆ ಹೊಲಿಯುವ ಕಾರ್ಖಾನೆಗಳಿದ್ದವು. ಹೆಚ್ಚಿನವರು ಅಲ್ಲೇ ಸೇರಿದರು. 1990ರ ದಶಕದಲ್ಲಿ ಆ ಕೆಲಸ ಕಡಿಮೆ ಕೂಲಿಯ ದೇಶಗಳಿಗೆ ಹೋಯಿತು, ಹೊಲಿಗೆ ಬಿಟ್ಟವರಲ್ಲಿ ಅನೇಕರು ಕಬಾಬ್ ಅಂಗಡಿ ತೆರೆದರು. ಬೋರ್ಡಿನಲ್ಲಿ ಟರ್ಕಿಶ್ ಅಂತ ಇದ್ದರೂ ಒಳಗಿನ ಮನೆಮಾತು ಎಷ್ಟೋ ಕಡೆ ಕುರ್ದಿಶ್. ಗೋಡೆಯ ಟಿವಿಯಲ್ಲಿ ಫುಟ್‌ಬಾಲ್ ಮಾತ್ರ ಎಲ್ಲರದ್ದೂ. ಗಲಾಟಸರಾಯ್ ಮ್ಯಾಚ್ ಇರುವ ದಿನ ಬಂದರೆ ನಿಮ್ಮ ಆರ್ಡರ್ ಹಾಫ್ ಟೈಮ್‌ವರೆಗೆ ಕಾಯಬಹುದು.

ಸಸ್ಯಾಹಾರಿಗಳು ಕಾಮೆಂಟಿನಲ್ಲಿ ಬೈಯುವ ಮೊದಲು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲೂ ಸಸ್ಯಾಹಾರಿಗಳಿದ್ದಾರೆ, ಅವರನ್ನೂ ಇಲ್ಲಿಗೆ ಕರೆತಂದಿದ್ದೇನೆ. ಮೆರ್ಜಿಮೆಕ್ ಸೂಪ್ ಅಂದರೆ ಮಸೂರ್ ಬೇಳೆಯನ್ನು ಬೇಯಿಸಿ ಅರೆದದ್ದು. ಮೇಲೆ ಬೆಣ್ಣೆಯಲ್ಲಿ ಹುರಿದ ಕೆಂಪು ಮೆಣಸು, ಪಕ್ಕದಲ್ಲಿ ನಿಂಬೆ. ಕೆಲವು ಕಡೆ ಮಾಂಸದ ಸ್ಟಾಕ್ ಹಾಕುತ್ತಾರೆ, ಕೇಳಿ ತಗೊಳ್ಳಿ. ಇಮಾಮ್ ಬಾಯಿಲ್ದಿ ಅಂತ ಇದೆ, ಬದನೆಕಾಯಿಗೆ ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ ತುಂಬಿ ಆಲಿವ್ ಎಣ್ಣೆಯಲ್ಲಿ ಬೇಯಿಸಿದ್ದು. ತಣ್ಣಗೇ ಕೊಡುತ್ತಾರೆ. ಬಿಸಿ ಮಾಡಿಕೊಡಿ ಅಂತ ಕೇಳಬೇಡಿ, ತಣ್ಣಗಿದ್ದಾಗಲೇ ಎಣ್ಣೆ, ತರಕಾರಿ ಹೊಂದಿಕೊಂಡಿರುತ್ತವೆ. ಕಿಟಕಿಯ ಹತ್ತಿರ ಈ ಹೆಂಗಸು ಸಪೂರ ಲಟ್ಟಣಿಗೆಯಲ್ಲಿ ಹಾಳೆಯಷ್ಟು ತೆಳ್ಳಗೆ ಲಟ್ಟಿಸುತ್ತಿದ್ದಾರಲ್ಲ, ಅದು ಗ್ಯೋಜ್ಲೆಮೆ. ಪಾಲಕ್, ಬಿಳಿ ಚೀಸ್ ತುಂಬಿ, ಮಡಚಿ, ಕಾವಲಿಯ ಮೇಲೆ ಬೇಯಿಸುತ್ತಾರೆ. ನನ್ನ ಪ್ರಕಾರ ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೆಯದು ಮೆನುವಿನಲ್ಲಿಲ್ಲ. ಸೈಪ್ರಸ್ಸಿನ ಹೆಲ್ಲಿಮ್ ಚೀಸ್ ಸುಟ್ಟು ಕೊಡುತ್ತಾರೆ, ಅದೂ ರುಚಿಯೇ. ಆದರೆ ಸುಡುವುದು ಕುರಿ ಸುಟ್ಟ ಅದೇ ಕೆಂಡದ ಮೇಲೆ. ಮಡಿ ಜಾಸ್ತಿ ಇರುವವರು ಗ್ಯೋಜ್ಲೆಮೆಗೇ ನಿಲ್ಲುವುದು ಕ್ಷೇಮ.

ಕುಡಿಯಲು ಅಯ್ರಾನ್. ಮೊಸರು, ನೀರು, ಉಪ್ಪು. ನಮ್ಮ ಮಜ್ಜಿಗೆಯೇ, ಕರಿಬೇವು, ಇಂಗು ಇಲ್ಲ, ನೊರೆ ಮಾತ್ರ ಮೀಸೆಗೆ ಅಂಟುವಷ್ಟು. ಬಾಟಲಿಯದ್ದು ಬೇಡ, ಮಷಿನ್‌ನಿಂದ ಹಿಡಿದು ಲೋಹದ ಲೋಟದಲ್ಲಿ ಕೊಡುವುದನ್ನು ಕೇಳಿ. ಈರುಳ್ಳಿಯ ಮೇಲೆ ಇದ್ದ ಶಾಲ್ಗಮ್ ಲೋಟದಲ್ಲೂ ಸಿಗುತ್ತದೆ. ಕಪ್ಪು ಕ್ಯಾರೆಟ್ ಹುದುಗಿಸಿ ಮಾಡಿದ ನೇರಳೆ ಬಣ್ಣದ ಪಾನೀಯ, ಉಪ್ಪು ಹುಳಿ. ಅದಾನಾ ಕಡೆ ಕಬಾಬ್ ಜೊತೆ ಇದೇ ಬೇಕು. ನನಗೆ ಒಗ್ಗಲಿಲ್ಲ. ಪಕ್ಕದ ಟೇಬಲ್‌ನವರು ರಾಕಿ ಅನ್ನುವ ಸೋಂಪಿನ ಮದ್ಯ ತರಿಸಿದ್ದಾರೆ. ನೀರು ಸುರಿದ ಕೂಡಲೇ ತಿಳಿಯಾಗಿದ್ದದ್ದು ಹಾಲಿನ ಬಣ್ಣಕ್ಕೆ ತಿರುಗಿತು, ನೋಡಿದಿರಾ? ಅದರಲ್ಲಿರುವ ಸೋಂಪಿನ ಎಣ್ಣೆ ನೀರಲ್ಲಿ ಕರಗುವುದಿಲ್ಲ, ಸಣ್ಣ ಹನಿಗಳಾಗಿ ತೇಲುತ್ತದೆ. ಅದಕ್ಕೇ ಆ ಬಿಳುಪು. ಒಂದು ಗ್ಲಾಸ್ ಹಿಡಿದು ಗಂಟೆಗಟ್ಟಲೆ ಹರಟುತ್ತಾರೆ.

ಸಿಹಿಯ ಬಗ್ಗೆ ಹೊಗಳಲು ಜಾಸ್ತಿ ಇಲ್ಲ. ಕ್ಯುನೆಫೆ ಬಿಸಿ ಬಿಸಿ ಬರುತ್ತದೆ, ಶಾವಿಗೆಯಂಥ ಎಳೆಗಳ ನಡುವೆ ಕರಗಿದ ಚೀಸ್, ಮೇಲೆ ಪಿಸ್ತಾ. ಇಲ್ಲಿ ಪಾಕ ಅತಿಯಾಯಿತು. ಬಕ್ಲಾವಾ ಬೇಕಿದ್ದರೆ ರಸ್ತೆಯ ಬೇಕರಿಯಿಂದ ಕಟ್ಟಿಸಿಕೊಂಡು ಹೋಗಿ.

ಕೊನೆಗೆ ಬರುವ ಚಹಾ ಮತ್ತೆ ಪುಕ್ಕಟೆ. ಒಂದರ ಮೇಲೊಂದು ಕೂರಿಸಿದ ಎರಡು ಪಾತ್ರೆ, ಕೆಳಗೆ ಕುದಿಯುವ ನೀರು, ಮೇಲೆ ಗಟ್ಟಿ ಡಿಕಾಕ್ಷನ್. ಸೊಂಟ ಸಣ್ಣಗಿರುವ ಈ ಗಾಜಿನ ಲೋಟಕ್ಕೆ ಡಿಕಾಕ್ಷನ್ ಸ್ವಲ್ಪ ಸುರಿದು ನೀರು ತುಂಬುತ್ತಾರೆ. ಹಾಲು ಕೇಳಿದರೆ ಪಾಪ, ಕೊಡುತ್ತಾರೆ, ಮುಖ ನೋಡಬೇಡಿ. ಟರ್ಕಿಯವರ ಚಹಾ ಹುಚ್ಚು ಅಷ್ಟೇನೂ ಹಳೆಯದಲ್ಲ. ಮೊದಲು ಕುಡಿಯುತ್ತಿದ್ದದ್ದು ಕಾಫಿ, ಅದು ಯೆಮೆನ್‌ನಿಂದ ಬರುತ್ತಿತ್ತು. ಬಾಬಾ ಬುಡನ್ ಏಳು ಬೀಜ ತಂದರು ಎನ್ನುವ ಮೊಖಾ ಬಂದರು ಇರುವುದೂ ಅದೇ ಯೆಮೆನ್‌ನಲ್ಲಿ. ಮೊದಲ ಮಹಾಯುದ್ಧ ಸೋತ ಮೇಲೆ ಅವರ ಒಟ್ಟೊಮನ್ ಸಾಮ್ರಾಜ್ಯ ಹೋಯಿತು, ಯೆಮೆನ್ ಕೈತಪ್ಪಿತು, ಕಾಫಿ ದುಬಾರಿಯಾಯಿತು. ಸರ್ಕಾರ ಕಪ್ಪು ಸಮುದ್ರದ ದಡದ ರಿಜೆಯಲ್ಲಿ ಚಹಾ ಬೆಳೆಸಿತು, 1947ರಲ್ಲಿ ಅಲ್ಲಿ ಕಾರ್ಖಾನೆಯೂ ಆಯಿತು. ಈಗ ತಲಾ ಲೆಕ್ಕದಲ್ಲಿ ಚಹಾ ಕುಡಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಫಿಲ್ಟರ್ ಕಾಫಿಯವನಾದ ನನಗೂ ಇಲ್ಲಿ ಚಹಾವೇ ಸರಿ ಅನ್ನಿಸುತ್ತದೆ, ಯಾಕೆಂದರೆ ಈ ಹೋಟೆಲ್‌ನ ಕಾಫಿ ಬರೀ ಮಡ್ಡಿ.

ಒಂದು ಅದಾನಾ, ಒಂದು ಗ್ಯೋಜ್ಲೆಮೆ, ಸೂಪ್, ಎರಡು ಅಯ್ರಾನ್, ನಾನು ಬೈದ ಆ ಕ್ಯುನೆಫೆ. ಇಬ್ಬರಿಗೆ ನಲವತ್ತು ಪೌಂಡ್ ಚಿಲ್ಲರೆ. ಉಳಿದದ್ದನ್ನು ಡಬ್ಬಿಗೆ ಹಾಕಿಕೊಟ್ಟರು, ಜೊತೆಗೆ ಎರಡು ಬ್ರೆಡ್. ಶುಕ್ರವಾರ, ಶನಿವಾರ ರಾತ್ರಿ ಬಂದರೆ ಕ್ಯೂ ಬೀದಿಗೆ ಬರುತ್ತದೆ, ವಾರದ ದಿನ ಆರೂವರೆಗೆ ಬನ್ನಿ. ಮತ್ತೆ, ಒಲೆ ಎದುರು ಕೂರುವ ಪ್ಲಾನ್ ಇದ್ದರೆ ಒಳ್ಳೆಯ ಉಣ್ಣೆ ಕೋಟು ಮನೆಯಲ್ಲೇ ಬಿಟ್ಟು ಬನ್ನಿ. ಡ್ರೈ ಕ್ಲೀನಿಂಗ್‌ನವರು ತಗೊಳ್ಳುವ ದುಡ್ಡಿನಲ್ಲಿ ಇನ್ನೊಂದು ಅದಾನಾ ಬರುತ್ತದೆ.