ಗುಜರಿ ಮೋಟಾರಿನಿಂದ ಗಾಳಿ ಕರೆಂಟು

ಕೇಳುಗರಿಗೆ ನಮಸ್ಕಾರ.

ಹಳೇ ವಾಷಿಂಗ್ ಮೆಷಿನ್ ಮೋಟಾರಿನಿಂದ ಗಾಳಿ ಕರೆಂಟು ಮಾಡುವುದು ಹೇಗೆ ಅಂತ ಹೇಳಿ ಎಂದು ಕರೆದಿದ್ದಾರೆ. ಇರುವುದು ಸ್ವಲ್ಪವೇ ಸಮಯ. ಹಾಗಾಗಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೋಟಾರಿನೊಳಗೆ ಸುತ್ತಿರುವ ತಂತಿಯ ಸುತ್ತು ಬಿಚ್ಚಬೇಡಿ. ತಂತಿಗಳ ಜೋಡಣೆ ಮಾತ್ರ ಬದಲಿಸಿ. ಇದೊಂದನ್ನು ಬರೆದುಕೊಂಡರೂ ಸಾಕು.

ಗುಜರಿ ಅಂಗಡಿಯಲ್ಲಿ ಸಿಕ್ಕ ಮೋಟಾರೆಲ್ಲ ಈ ಕೆಲಸಕ್ಕೆ ಬರುವುದಿಲ್ಲ. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಮೆಷಿನ್ ಇದೆಯಲ್ಲ, ಅದರಲ್ಲಿರುವುದು ಕೆಪಾಸಿಟರ್ ಹಾಕಿ ಓಡಿಸುವ ಇಂಡಕ್ಷನ್ ಮೋಟಾರ್. ಒಳಗೆ ಮ್ಯಾಗ್ನೆಟ್ ಇಲ್ಲ. ಸುಮ್ನೆ ತಿರುಗಿಸಿದರೆ ಕರೆಂಟು ಬರಲ್ಲ. ಕಾರ್ಬನ್ ಬ್ರಷ್ ಇರುವ, ಬೆಲ್ಟಿನ ಮೋಟಾರನ್ನೂ ಅಲ್ಲೇ ಬಿಟ್ಟು ಬನ್ನಿ. ನಿಮಗೆ ಬೇಕಾದದ್ದು ಡೈರೆಕ್ಟ್ ಡ್ರೈವ್ ಮೋಟಾರ್, ಅಂದರೆ ಬೆಲ್ಟಿಲ್ಲದೆ ತೊಟ್ಟಿಯನ್ನು ನೇರವಾಗಿ ತಿರುಗಿಸುವಂಥದ್ದು. ಸಾಮಾನ್ಯವಾಗಿ ಮೆಷಿನ್ ಮೈಮೇಲೇ ಹಾಗೆಂದು ಬರೆದಿರುತ್ತದೆ. ಸುಮಾರು ಒಂದಡಿ ಅಗಲ, ಚಪ್ಪಟೆ. ಹೊರಗಿನ ಬಟ್ಟಲಿನ ಒಳಮೈಗೆ ಸುತ್ತಲೂ ಮ್ಯಾಗ್ನೆಟ್. ನಡುವೆ ಹಲ್ಲು ಹಲ್ಲಾದ ಚಕ್ರ, ಪ್ರತಿ ಹಲ್ಲಿಗೂ ಒಂದು ಕಾಯಿಲ್, ಅಂದರೆ ಸುತ್ತಿದ ತಂತಿ. ಜೇಬಿನಲ್ಲೊಂದು ಸ್ಕ್ರೂ ಇಟ್ಟುಕೊಂಡು ಹೋಗಿ. ಒಳಮೈಗೆ ಹಿಡಿದರೆ ಕೈಯಿಂದ ಕಿತ್ತುಕೊಂಡು ಹೋಗಿ ಅಂಟಬೇಕು. ಅಂಟಿದರೆ ದುಡ್ಡು ಕೊಡಿ.

ನಮ್ಮಲ್ಲಿ ಸಿಗುವ ಈ ಬಗೆಯ ಮೋಟಾರುಗಳಲ್ಲಿ ಸಾಮಾನ್ಯವಾಗಿ 36 ಕಾಯಿಲ್. ನ್ಯೂಜಿಲೆಂಡಿನ ಫಿಷರ್ ಅಂಡ್ ಪೈಕೆಲ್ ಮೋಟಾರಿನಲ್ಲಿ 42 ಇರುವುದೂ ಉಂಟು. ನಾವು 36ರ ಲೆಕ್ಕ ಹಿಡಿಯೋಣ. ಮೂರು ಫೇಸ್, ಅಂದರೆ ಕಾಯಿಲುಗಳ ಮೂರು ತಂಡ, ಫೇಸಿಗೆ 12 ಕಾಯಿಲ್. ಆ 12 ಕಾಯಿಲೂ ಟಾರ್ಚಿನ ಸೆಲ್ಲುಗಳ ಹಾಗೆ ಒಂದರ ಹಿಂದೆ ಒಂದು, ಸೀರೀಸಿನಲ್ಲಿವೆ. ಹಾಗಾಗಿ ವೋಲ್ಟೇಜ್ ಜಾಸ್ತಿ, ಕರೆಂಟು ಕಡಿಮೆ. ನಮ್ಮ 12 ವೋಲ್ಟ್ ಬ್ಯಾಟರಿಗೆ ಬೇಕಾದದ್ದು ಇದರ ಉಲ್ಟಾ.

ಇಲ್ಲೊಂದು ಸಂಗತಿ ಹೇಳಬೇಕು. ಪಾಂಡವಪುರದ ಕಡೆಯ ಹುಡುಗನೊಬ್ಬ ತೋಟದ ಮನೆಗೆ ಗಾಳಿಯಂತ್ರ ಮಾಡಲು ಇಂಥದ್ದೇ ಮೋಟಾರ್ ತಂದಿದ್ದ. ಇಬ್ಬರೂ ಮಂಡ್ಯದ ಒಂದು ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಗೆ ಹೋದೆವು. ಯಜಮಾನರು ಪಳಗಿದ ಕೈ. ತಂತಿಯನ್ನು ಉಗುರಿನಲ್ಲಿ ಕೆರೆದು ನೋಡಿದರು. "ಇದೇನ್ ಸಾ, ಎಳೆ ತಂತಿ! ಬಿಚ್ಚಾಕಿ ದಪ್ಪ ತಂತಿ ಸುತ್ಕೊಡ್ತೀನಿ. ಹಳೇ ತಾಮ್ರ ತೂಕಕ್ಕೆ ಕಳ್ಕೊಳೋಣ" ಅಂದರು. ಹೇಳುತ್ತಲೇ ಕಟ್ಟರ್ ಕೈಗೆ ತಗೊಂಡರು! "ಯಜಮಾನರೇ, ಸುತ್ತು ಮುಟ್ಟಬೇಡಿ, ಜೋಡಣೆ ಮಾತ್ರ" ಅಂದೆ. ಅವರಿಗೆ ಇದು ಕೆಲಸವೇ ಅಲ್ಲ ಅನ್ನಿಸಿತು.

ಮೊದಲು ಪಕ್ಕದ ಲೇತ್ ಅಂಗಡಿಯಲ್ಲಿ ಮೋಟಾರನ್ನು ನಿಮಿಷಕ್ಕೆ 200 ಸುತ್ತು ತಿರುಗಿಸಿದೆವು. ಎಸಿ ಕರೆಂಟನ್ನು ಡಿಸಿ ಮಾಡುವ ಆರು ಡಯೋಡಿನ ರೆಕ್ಟಿಫೈಯರ್ ದಾಟಿ ಮೀಟರ್ 80 ವೋಲ್ಟ್ ತೋರಿಸಿತು. ಯಜಮಾನರಿಗೆ ಖುಷಿ. ಬ್ಯಾಟರಿಗೆ ಜೋಡಿಸಿದರೆ ಆಂಪಿಯರ್ ಮುಳ್ಳು 2ರ ಹತ್ತಿರವೇ ನಿಂತಿತು. ಲೇತ್ ವೇಗ ಹೆಚ್ಚಿಸಿದರೂ ಅಷ್ಟೇ.

ಆಮೇಲೆ ಕಾಯಿಲಿನ ಚಕ್ರ ಬಿಚ್ಚಿ ಬೆಂಚಿನ ಮೇಲೆ ಮಗುಚಿ ಇಟ್ಟೆವು. ಹಿಂಭಾಗದಲ್ಲಿ ಒಂದು ಕಾಯಿಲಿನಿಂದ ಇನ್ನೊಂದಕ್ಕೆ ತಂತಿಯ ಸಣ್ಣ ಕೊಂಡಿಗಳು ಹೋಗಿರುತ್ತವೆ. ಒಂದನೇ ಹಲ್ಲು, ನಾಲ್ಕನೇ ಹಲ್ಲು, ಏಳನೇ ಹಲ್ಲು, ಹೀಗೆ ಎರಡು ಬಿಟ್ಟು ಒಂದು, ಒಂದೇ ಫೇಸಿನವು. ಪಂಪ್‌ಸೆಟ್ಟಿನ ಹಾಗೇ ಕೆಂಪು, ಹಳದಿ, ನೀಲಿ ಬಣ್ಣ ಹಚ್ಚಿ ಗುರುತು ಮಾಡಿದೆವು. ಪ್ರತಿ ಫೇಸಿನಲ್ಲೂ ಮೂರು ಮೂರು ಕಾಯಿಲಿಗೊಮ್ಮೆ ಕೊಂಡಿ ಕತ್ತರಿಸಿದೆವು. ಫೇಸಿಗೆ ನಾಲ್ಕು ಗುಂಪಾಯಿತು. ಆ ನಾಲ್ಕು ಗುಂಪಿನ ಶುರುವಿನ ತುದಿಗಳನ್ನು ಒಟ್ಟಿಗೆ, ಕೊನೆಯ ತುದಿಗಳನ್ನು ಒಟ್ಟಿಗೆ ಸೇರಿಸಿದೆವು. ತಂತಿಯ ಮೇಲಿನ ವಾರ್ನಿಷನ್ನು ಬ್ಲೇಡಿನಲ್ಲಿ ಕೆರೆದು, ತಾಮ್ರ ಫಳಫಳ ಅಂದ ಮೇಲೇ ಬೆಸುಗೆ. ಕೆಲವು ಮೋಟಾರುಗಳಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಇರುತ್ತದೆ. ಅದಕ್ಕೆ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ. ಅದನ್ನು ಕೊಳ್ಳಲೇಬೇಡಿ.

ಮತ್ತೆ ಲೇತಿಗೆ ಹಾಕಿದರೆ 80 ಇದ್ದದ್ದು 20! ಯಜಮಾನರ ಮುಖ ಬಾಡಿತು. "ಇದ್ದಿದ್ದೂ ಹೋಯ್ತಲ್ಲ ಸಾ!" ಬ್ಯಾಟರಿಗೆ ಜೋಡಿಸಿ ಅಂದೆ. ವೇಗ ಏರಿಸಿದ ಹಾಗೆ ಮುಳ್ಳು 3, 5 ದಾಟಿ 8ರ ಹತ್ತಿರ ಹೋಯಿತು. ವೋಲ್ಟೇಜ್ ಕಾಲು ಭಾಗ, ಕರೆಂಟು ನಾಲ್ಕು ಪಟ್ಟು. ಒಂದು ಸುತ್ತೂ ಬಿಚ್ಚಲಿಲ್ಲ ನೋಡಿ. ಯಜಮಾನರು ಆ ಮುಳ್ಳನ್ನೇ ನೋಡುತ್ತಾ ನಿಂತರು, ಆಮೇಲೆ ಟೀ ತರಿಸಿದರು.

ಜೋಡಣೆ ಬದಲಿಸಲು ಇನ್ನೊಂದು ಕಾರಣವೂ ಇದೆ. ಹಳೇ ಜೋಡಣೆಯಲ್ಲಿ ನಿಮಿಷಕ್ಕೆ ಮೂವತ್ತು ಚಿಲ್ಲರೆ ಸುತ್ತಿಗೇ ಚಾರ್ಜಿಂಗ್ ಶುರುವಾಗುತ್ತದೆ. ಕೇಳಲು ಚೆನ್ನ. ಆದರೆ ರೆಕ್ಕೆಗಳು ಓಟ ಹಿಡಿಯುವ ಮೊದಲೇ ಬ್ಯಾಟರಿ ಅವನ್ನು ಜಗ್ಗಿ ಹಿಡಿಯುತ್ತದೆ. ಹೊಸ ಜೋಡಣೆಯಲ್ಲಿ 140ರ ಆಸುಪಾಸಿನಲ್ಲಿ ಶುರು. ತುದಿಯಿಂದ ತುದಿಗೆ ಎರಡು ಮೀಟರ್ ಇರುವ ಒಳ್ಳೆಯ ರೆಕ್ಕೆಗೆ ಗಂಟೆಗೆ 11 ಕಿಲೋಮೀಟರ್ ಗಾಳಿ ಇದ್ದರೆ ಅಷ್ಟು ಸುತ್ತು ಬರುತ್ತದೆ.

ಜೋಡಿಸಿದ ಮೇಲೆ ಕೈಯಲ್ಲಿ ತಿರುಗಿಸಿ ನೋಡಿ. ಹೊರಗೆ ಏನೂ ಜೋಡಿಸದೆಯೇ ತೀರಾ ಬಿಗಿ ಅನ್ನಿಸಿದರೆ, ಯಾವುದೋ ಗುಂಪಿನ ತುದಿ ಅದಲುಬದಲಾಗಿದೆ. ಆಗಲೂ ಸುತ್ತು ಬಿಚ್ಚಬೇಡಿ, ಆ ಜಾಯಿಂಟ್ ಸರಿಮಾಡಿ.

ಸಮಯ ಓಡುತ್ತಿದೆ, ಗಾಳಿಯ ವಿಷಯ ಬೇಗ ಹೇಳುತ್ತೇನೆ. "ಇದರಲ್ಲಿ ಬೋರ್‌ವೆಲ್ ಓಡುತ್ತಾ ಸಾರ್?" ಅಂತ ಎಲ್ಲರೂ ಕೇಳುತ್ತಾರೆ. ಓಡಲ್ಲ. ಎರಡು ಮೀಟರ್ ರೆಕ್ಕೆಗೆ, ಗಂಟೆಗೆ 18 ಕಿಲೋಮೀಟರ್ ಗಾಳಿಯಲ್ಲಿ, 60 ವ್ಯಾಟ್ ಸಿಕ್ಕರೆ ಹೆಚ್ಚು. ಎಲ್‌ಇಡಿ ದೀಪಕ್ಕೆ, ಫೋನ್ ಚಾರ್ಜಿಗೆ ಧಾರಾಳ. ಗಾಳಿಯ ವೇಗ ಅರ್ಧವಾದರೆ ಅದರ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ನಮ್ಮ ಮಂಡ್ಯದ ಕಡೆ ಚಿತ್ರದುರ್ಗ, ಗದಗದಂಥ ಗಾಳಿ ಸೀಮೆಯಲ್ಲ. ಆಷಾಢದಲ್ಲಿ ಜೋರು, ಉಳಿದಂತೆ ಸಾಧಾರಣ. ಮನೆ ಗೋಡೆ, ತೆಂಗಿನ ತೋಪಿನ ಮರೆಯಲ್ಲಿ ಕಂಬ ನಿಲ್ಲಿಸಬೇಡಿ. ನಿಮ್ಮಜ್ಜ ರಾಗಿ ತೂರುತ್ತಿದ್ದ ಕಣ ಎಲ್ಲಿತ್ತು ಅಂತ ಮನೆಯ ಹಿರಿಯರನ್ನು ಕೇಳಿ. ಅಂಥ ಜಾಗ ನೋಡಿ.

ಇನ್ನೊಂದೇ ಮಾತು. ಮೋಟಾರಿನ ಮೂರು ತಂತಿಗಳನ್ನು ಒಟ್ಟಿಗೆ ಸೇರಿಸುವ ಒಂದು ಸ್ವಿಚ್ಚನ್ನು ಕಂಬದ ಬುಡದಲ್ಲೇ ಹಾಕಿ. ಅದೇ ಬ್ರೇಕು. ಬಿರುಗಾಳಿ ಬಂದ ಮೇಲಲ್ಲ, ಬರುವ ಮೊದಲೇ ಒತ್ತಿ. ಬ್ಯಾಟರಿ ತುಂಬಿದಾಗ ಹೆಚ್ಚಾದ ಕರೆಂಟು ಹೀಟರ್ ಕಾಯಿಲಿಗೆ ಹೋಗುವ ಹಾಗೆ ಕಂಟ್ರೋಲರ್ ಇರಲಿ. ಗಾಳಿಗೆ ತಿರುಗುತ್ತಿರುವಾಗ ಬ್ಯಾಟರಿ ತಂತಿ ಕೀಳಲೇಬೇಡಿ. ತಡೆ ಇಲ್ಲದೆ ವೇಗ ಏರುತ್ತದೆ, ವೋಲ್ಟೇಜೂ ಏರುತ್ತದೆ, ಮುಟ್ಟಿದರೆ ಶಾಕ್. ನಾಳೆ ಅಂಗಡಿಗೆ ಹೋಗುವವರು ಸ್ಕ್ರೂ ಮರೆಯಬೇಡಿ. ನಮಸ್ಕಾರ.