ಜರ್ಮನಿಗೆ ಕೆಲಸಕ್ಕೆ ಹೊರಟಿದ್ದೀರಾ? ಮೊದಲು ಅಂಚೆಪೆಟ್ಟಿಗೆಗೆ ಹೆಸರು ಅಂಟಿಸಿ

[ದೃಶ್ಯ: ಕಟ್ಟಡದ ಬಾಗಿಲ ಪಕ್ಕ ಸಾಲಾಗಿ ಅಂಚೆಪೆಟ್ಟಿಗೆಗಳು. ಒಂದರ ಮೇಲೆ ಮಾತ್ರ ಹೆಸರಿಲ್ಲ.]

ನಮಸ್ಕಾರ. ಹೆಸರಿಲ್ಲದ ಈ ಪೆಟ್ಟಿಗೆ ನೋಡಿ. ನಾನು ಜರ್ಮನಿಗೆ ಬಂದ ಮೊದಲ ತಿಂಗಳು ನನ್ನ ಪೆಟ್ಟಿಗೆಯೂ ಹೀಗೇ ಇತ್ತು. ಬ್ಯಾಂಕಿನಿಂದ ಕಾರ್ಡ್ ಬಂತು, ವಾಪಸ್ ಹೋಯಿತು. ಅದರ ಪಿನ್ ಬೇರೆ ಲಕೋಟೆಯಲ್ಲಿ ಬಂತು, ಅದೂ ವಾಪಸ್. ಸಂಬಳ ಖಾತೆಗೆ ಬಿದ್ದಿತ್ತು, ಕೈಯಲ್ಲಿ ಕಾರ್ಡ್ ಇರಲಿಲ್ಲ. ಮೂರು ವಾರ ಜೊತೆಯಲ್ಲಿ ಕೆಲಸ ಮಾಡುವವರ ಹತ್ತಿರ ಕೈಸಾಲ ಮಾಡಿ ದಿನ ದೂಡಿದೆ.

ನಮ್ಮೂರಲ್ಲಿ ‘ಗಣಪತಿ ಗುಡಿ ಹಿಂದೆ’ ಅಂತ ಬರೆದರೂ ಪೋಸ್ಟ್‌ಮ್ಯಾನ್ ಹುಡುಕಿಕೊಂಡು ಬರುತ್ತಾರೆ. ಇಲ್ಲಿ ವಿಳಾಸ ಅಂದರೆ ಬೀದಿ, ಕಟ್ಟಡದ ನಂಬರ್, ಪಿನ್‌ಕೋಡ್, ಊರು. ಫ್ಲ್ಯಾಟ್ ನಂಬರ್ ಸಾಮಾನ್ಯವಾಗಿ ಇರುವುದೇ ಇಲ್ಲ. ಆ ಕಟ್ಟಡದಲ್ಲಿ ನೀವಿದ್ದೀರಿ ಅಂತ ಹೇಳುವುದು ಪೆಟ್ಟಿಗೆ ಮೇಲಿನ ಹೆಸರೊಂದೇ.

ಇನ್ನು ಆ ಹೆಸರು ಯಾವುದು? ಇಲ್ಲಿ ನಮ್ಮವರಿಗೆ ಜಾಸ್ತಿ ಗೊಂದಲ. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಕೆಲವರದ್ದು ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಎಲ್ಲ ಸೇರಿ ಉದ್ದವಾಗಿರುತ್ತದೆ. ಆಫೀಸಿನಲ್ಲಿ ಎಲ್ಲರೂ ‘ಮಂಜು’ ಅಂತ ಕರೆಯಬಹುದು. ಸರ್ಕಾರಿ ಕಾಗದ ಬರುವುದು ಪಾಸ್‌ಪೋರ್ಟಿನಲ್ಲಿರುವ ಹೆಸರಿಗೆ. ಅದನ್ನೇ ಪೂರ್ತಿ ಅಂಟಿಸಿ. ಉದ್ದ ಆಯಿತು ಅಂತ ಸಂಕೋಚ ಬೇಡ. ಬಾಗಿಲ ಬೆಲ್ ಮೇಲೂ ಇರಲಿ. ಬೇರೆಯವರ ಮನೆಯಲ್ಲಿ ಒಂದು ರೂಮಿನಲ್ಲಿದ್ದರೆ ವಿಳಾಸದಲ್ಲಿ ‘ಕೇರ್ ಆಫ್’ ಹಾಕಿ ಅವರ ಹೆಸರು ಬರೆಸಿ.

[ದೃಶ್ಯ: ಮೇಜಿನ ಮೇಲೆ ಹರಡಿದ ಲಕೋಟೆಗಳು]

ಮನೆಗೆ ಕಾಲಿಟ್ಟ 2 ವಾರದೊಳಗೆ ವಿಳಾಸ ನೋಂದಾಯಿಸಬೇಕು. ಇದಕ್ಕೆ ‘ಆನ್‌ಮೆಲ್ಡುಂಗ್’ ಅನ್ನುತ್ತಾರೆ. ಪಾಸ್‌ಪೋರ್ಟ್ ಜೊತೆ, ‘ಇವರು ನನ್ನ ಮನೆಯಲ್ಲಿದ್ದಾರೆ’ ಅಂತ ಮನೆ ಮಾಲೀಕರು ಸಹಿ ಮಾಡಿದ ಕಾಗದವೂ ಬೇಕು. ಬಾಡಿಗೆ ಕರಾರು ಪತ್ರ ಒಂದೇ ಸಾಲುವುದಿಲ್ಲ. ದೊಡ್ಡ ಊರುಗಳಲ್ಲಿ ಕಚೇರಿಯ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಮನೆ ಖಾತ್ರಿ ಆದ ಕೂಡಲೇ ಬುಕ್ ಮಾಡಿ.

‘ಮನೆ ಕೊಡುತ್ತೇನೆ, ಆದರೆ ನೋಂದಣಿಗೆ ಸಹಿ ಹಾಕಲ್ಲ’ ಅನ್ನುವವರು ಸಿಗುತ್ತಾರೆ. ಬಾಡಿಗೆ ಎಷ್ಟೇ ಕಡಿಮೆ ಇರಲಿ, ಅದು ಬೇಡ. ನೋಂದಣಿ ಆದ ಮೇಲೇ ನಿಮ್ಮ 11 ಅಂಕಿಯ ತೆರಿಗೆ ನಂಬರ್ ಬರುವುದು, ಅದೂ ಅಂಚೆಯಲ್ಲಿ. ಆ ನಂಬರ್ ಕಂಪನಿಗೆ ತಲುಪದಿದ್ದರೆ ಸಂಬಳದಲ್ಲಿ ತೆರಿಗೆ ಜಾಸ್ತಿ ಕಡಿತ ಆಗಬಹುದು. ಆರೋಗ್ಯ ವಿಮೆ ಕಾರ್ಡ್ ಕೂಡ ಇದೇ ಪೆಟ್ಟಿಗೆಗೆ ಬರುತ್ತದೆ.

ಅಡ್ವಾನ್ಸ್ ವಿಷಯ. ಹೀಟಿಂಗ್, ನೀರಿನ ಖರ್ಚು ಬಿಟ್ಟು ಬರೀ ಮನೆಗೆ ಕೊಡುವ ಬಾಡಿಗೆಯ 3 ತಿಂಗಳಿಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದನ್ನೂ 3 ಕಂತಿನಲ್ಲಿ ಕಟ್ಟುವ ಹಕ್ಕು ಕಾನೂನಿನಲ್ಲೇ ಇದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕಟ್ಟಿ ಬಂದವರು ಇದನ್ನು ಕೇಳುವುದಕ್ಕೇ ಹಿಂಜರಿಯುತ್ತಾರೆ. ಕೇಳಿ. ಮನೆ ನೋಡುವ ಮೊದಲೇ ಯಾರಾದರೂ ದುಡ್ಡು ಕಳಿಸಿ ಅಂದರೆ ಮಾತ್ರ ಒಂದು ಪೈಸೆಯೂ ಕಳಿಸಬೇಡಿ.

ನೋಂದಣಿಯಾಗಿ ಸ್ವಲ್ಪ ದಿನಕ್ಕೆ ರೇಡಿಯೋ, ಟಿವಿ ಶುಲ್ಕದ ಕಾಗದ ಬರುತ್ತದೆ. ತಿಂಗಳಿಗೆ 18 ಯೂರೋ 36 ಸೆಂಟ್. ಮನೆಯಲ್ಲಿ ಟಿವಿ ಇಲ್ಲದಿದ್ದರೂ ಕಟ್ಟಲೇಬೇಕು. ಮೋಸದ ಕಾಗದ ಅಂತ ಎಷ್ಟೋ ಜನ ಹರಿದು ಹಾಕುತ್ತಾರೆ, ಆಮೇಲೆ ಬಾಕಿ ಬೆಳೆಯುತ್ತದೆ. ಒಂದು ಮನೆಗೆ ಒಂದೇ ಶುಲ್ಕ. ಜೊತೆಗಿರುವವರು ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕ ಖಾತೆಯ ನಂಬರ್ ತಿಳಿಸಿದರೆ ಸಾಕು.

ಬಂದ ಕಾಗದವನ್ನು ಅವತ್ತೇ ಒಡೆಯಿರಿ. ಫೋನ್ ಕ್ಯಾಮೆರಾ ಹಿಡಿದು ಅನುವಾದ ಮಾಡಿಕೊಳ್ಳಿ. ಉತ್ತರ ಕೊಡಲು ಕೊನೇ ದಿನ ಯಾವುದು ಅಂತ ಮೊದಲು ಹುಡುಕಿ.

[ದೃಶ್ಯ: ಅಡುಗೆಮನೆ, ಒಲೆ ಮೇಲೆ ಒಗ್ಗರಣೆ ಸೌಟು]

ಅಡುಗೆಮನೆಗೆ ಬರೋಣ. ಒಣಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಹಜಾರದ ಬಾಗಿಲು ಮುಚ್ಚಿ. ಹೊಗೆ ಹೋದರೆ ಅಲ್ಲಿನ ಅಲಾರಂ ಕಟ್ಟಡವೆಲ್ಲ ಕೇಳುವ ಹಾಗೆ ಕಿರುಚುತ್ತದೆ. ಅಡುಗೆ ಆದ ಮೇಲೆ, ಹೊರಗೆ ಎಷ್ಟೇ ಚಳಿ ಇರಲಿ, ಕಿಟಕಿ ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡಿ. ಬೆಳಿಗ್ಗೆ ಎದ್ದಾಗಲೂ ಅಷ್ಟೇ. ಅನ್ನ, ಸಾರಿನ ಹಬೆ ತಣ್ಣನೆ ಗೋಡೆಗೆ ಕೂತು ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಮನೆ ಬಿಡುವಾಗ ಅಡ್ವಾನ್ಸ್ ಜಗಳ ಶುರುವಾಗುವುದು ಎಷ್ಟೋ ಸಲ ಆ ಮೂಲೆಯಿಂದಲೇ.

ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಹಾಲು ತಂದಿಡಿ. ನೀರಿನ ಪ್ಲಾಸ್ಟಿಕ್ ಬಾಟಲಿಗೆ ಸಾಮಾನ್ಯವಾಗಿ 25 ಸೆಂಟ್ ಸೇರಿಸಿಯೇ ತಗೊಂಡಿರುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಮೆಷಿನ್‌ಗೆ ಹಾಕಿದರೆ ವಾಪಸ್ ಸಿಗುತ್ತದೆ. ರಾತ್ರಿ, ರಜೆ ದಿನ ಜ್ವರ ಬಂದರೆ 116117, ಪ್ರಾಣಾಪಾಯ ಅಂದರೆ 112. ಇವೆರಡನ್ನೂ ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

[ದೃಶ್ಯ: ಮತ್ತೆ ಅಂಚೆಪೆಟ್ಟಿಗೆ. ಈಗ ಹೆಸರಿದೆ. ಒಳಗೊಂದು ಚೀಟಿ.]

ನೀವು ಮನೆಯಲ್ಲಿಲ್ಲದಿದ್ದಾಗ ಪಾರ್ಸೆಲ್ ಬಂದರೆ ಪಕ್ಕದ ಮನೆಗೆ ಕೊಟ್ಟು, ಯಾರಿಗೆ ಕೊಟ್ಟೆವು ಅಂತ ಚೀಟಿ ಹಾಕಿ ಹೋಗುತ್ತಾರೆ. ಆ ಚೀಟಿ ಬಂದ ದಿನ ಸುಮ್ನೆ ಕೂರಬೇಡಿ, ಹೋಗಿ ಬೆಲ್ ಒತ್ತಿ. ನನ್ನ ಚಳಿಗಾಲದ ಬೂಟು ಕೆಳಮಹಡಿಯ ಅಜ್ಜಿಯ ಮನೆಯಲ್ಲಿತ್ತು. ಅವರು ಪೆಟ್ಟಿಗೆ ಕೊಟ್ಟು, ಬೆಲ್ ಮೇಲಿನ ನನ್ನ ಹೆಸರನ್ನು ಬೆರಳಿಟ್ಟು ತೋರಿಸಿ, ಇದನ್ನು ಹೇಗೆ ಓದಬೇಕು ಅಂತ ಕೇಳಿದರು. ನಾನು ಹೇಳಿಕೊಟ್ಟೆ. ಅವರು ಮೂರು ಸಲ ಹೇಳಿ ನೋಡಿದರು.